ತೇಗದ ಪೆಟ್ಟಿಗೆಗೆ ಬಂದ ಕಂಪ್ಯೂಟರು

ಪಾಂಡವಪುರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬ್ಯಾನರು, ಇವೇ ಕೆಲಸ. ಅಂಗಡಿಯ ಕಂಪ್ಯೂಟರಿನ ಒಳಗಿನ ಭಾಗಗಳನ್ನೆಲ್ಲ ಒಂದೊಂದಾಗಿ ನಾನೇ ಬದಲಾಯಿಸಿದ್ದೆ. ಹೊರಗಿನ ತಗಡಿನ ಡಬ್ಬ ಮಾತ್ರ ಹಳೆಯದೇ ಉಳಿದಿತ್ತು. ತುಕ್ಕು ಹಿಡಿದಿದ್ದ ಅದರ ಪಕ್ಕದ ಬಾಗಿಲು ಒಂದು ದಿನ ನನ್ನ ಕೈಗೇ ಬಂತು.

ಹೊಸ ಡಬ್ಬ ತರಿಸೋಣವೆಂದು ಫೋನಿನಲ್ಲಿ ಚಿತ್ರ ನೋಡುತ್ತ ಕೂತಿದ್ದಾಗ ನಮ್ಮೂರು ಕ್ಯಾತನಹಳ್ಳಿಯಿಂದ ಅಪ್ಪ ಬಂದ. ಅಪ್ಪ ಮರಗೆಲಸದವನು. ಚಿತ್ರ ನೋಡಿ, "ಬರೀ ಪೆಟ್ಗೆ ತಾನೇ? ನಾನೇ ಮಾಡ್ಕೊಡ್ತೀನಿ ಬುಡು" ಅಂದ.

"ಒಳಗೆ ಬಿಸಿ ಆಯ್ತದೆ ಕಣಪ್ಪ."

"ಅಡುಗೆಮನೇಲೂ ಆಯ್ತದೆ. ಅದ್ಕೇ ಅಲ್ವಾ ಗವಾಕ್ಷಿ ಬುಡೋದು? ಅಳತೆ ನೀನೇ ತಕ್ಕೊಡು. ಒಳಗಿನ ಸಾಮಾನು ನಂಗೆ ತಿಳಿಯಾಕಿಲ್ಲ."

ನಾನು ಒಂದೊಂದನ್ನೂ ಅಳೆದು ಚೀಟಿಯಲ್ಲಿ ಬರೆದುಕೊಟ್ಟೆ. ಮದರ್‌ಬೋರ್ಡು ಕೂರುವ ತಗಡಿನ ಹಾಳೆಯನ್ನು ಹಳೇ ಡಬ್ಬದಿಂದ ಬಿಚ್ಚಿ ಅದನ್ನೂ ಕೊಟ್ಟೆ.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಎಲ್ಲ ಭಾಗಗಳನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಊರಿಗೆ ಹೋದೆ. ಪೆಟ್ಟಿಗೆ ಸಿದ್ಧವಾಗಿತ್ತು. ಯಾರದೋ ಬಾಗಿಲು ಮಾಡಿ ಉಳಿದಿದ್ದ ತೇಗ. ಮುಂದೆ ಮತ್ತು ಮೇಲೆ ಗಾಳಿಯಾಡಲು ಸಣ್ಣ ಸಣ್ಣ ಪಟ್ಟಿಗಳ ಜಾಲರಿ. ಫ್ಯಾನು, ಪವರ್ ಸಪ್ಲೈ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಸಲೀಸಾಗಿ ಕೂತವು. ಮದರ್‌ಬೋರ್ಡು ಇಟ್ಟರೆ ವೈರು ಸಿಕ್ಕಿಸುವ ತೂತುಗಳು ಹಿಂದಿನ ಕಿಂಡಿಗೆ ಸರಿಹೊಂದಲಿಲ್ಲ. ಕಿಂಡಿ ಎರಡು ನೂಲು ಕೆಳಗೆ ಬಂದಿತ್ತು. ಅಂದರೆ ಕಾಲು ಅಂಗುಲ. ಚೀಟಿ ತೆಗೆದು ನೋಡಿದೆ. ಅಪ್ಪ ನಾನು ಬರೆದಂತೆಯೇ ಕೊರೆದಿದ್ದ.

"ತಪ್ಪು ನಂದೇ ಅಪ್ಪ" ಅಂದೆ.

ಅಪ್ಪ ಹಿಂದಿನ ಹಲಗೆಯನ್ನು ಬಿಚ್ಚಿ, ಮೇಜಿಗೆ ಬಿಗಿದು, ಕೆತ್ತಬೇಕಾದಷ್ಟಕ್ಕೆ ಗೆರೆ ಎಳೆದು, ಉಳಿಯನ್ನು ನನ್ನ ಕಡೆ ಚಾಚಿದ. "ಅಂಗಾದ್ರೆ ಕೆತ್ತೋಳೂ ನೀನೇ."

ಚಿಕ್ಕವಳಿದ್ದಾಗ ಅಪ್ಪ ಕೆಲಸ ಮಾಡುವ ಆ ಕೊಟ್ಟಿಗೆಯಲ್ಲಿ ಮರದ ಹೊಟ್ಟು ಗುಡಿಸುವುದಷ್ಟೇ ನನ್ನ ಪಾಲಿಗಿತ್ತು. ಉಳಿ ಮುಟ್ಟಿದರೆ, ಹೆಣ್ಮಗ, ಕೈ ಕುಯ್ಕತೀಯ ಎಂದು ಅಪ್ಪ ಗದರುತ್ತಿದ್ದ. ಈಗ ನಲವತ್ತು ದಾಟಿದ ಮೇಲೆ ಮೊದಲ ಸಲ ಹಿಡಿದಿದ್ದೆ.

"ಒಂದೇ ಏಟ್ಗೆ ತಗೀಬ್ಯಾಡ. ಎಳೆ ಎಳೆ ತಗಿ. ಗೆರೆ ದಾಟ್ಬ್ಯಾಡ" ಅಂದ ಅಪ್ಪ, ಅಷ್ಟೇ. ತಾನು ಕೈಹಾಕಲಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ಹಲಗೆ ಮತ್ತೆ ಕೂರಿಸಿದಾಗ ತೂತುಗಳೆಲ್ಲ ಹೊರಗೆ ಮುಖ ಹಾಕಿ ನಿಂತವು.

ಮನೆಯ ಟೀವಿಗೆ ವೈರು ಕೊಟ್ಟು ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ಟೀವಿ ಕಪ್ಪಗೇ ಇತ್ತು. ಅವ್ವ ಅಡುಗೆಮನೆಯಿಂದ ಬಂದು ನಿಂತಳು. ಕರೆಂಟು ತೆಗೆದು, ಸಡಿಲವಾಗಿರಬಹುದೆಂದು ರ್‍ಯಾಮ್ ಪಟ್ಟಿಯನ್ನು ಕಿತ್ತು, ಎರಡೂ ತುದಿ ಟಕ್ಕೆನ್ನುವವರೆಗೆ ಒತ್ತಿ ಮತ್ತೆ ಕೂರಿಸಿದೆ. ಈ ಸಲ ಟೀವಿಯಲ್ಲಿ ಅಕ್ಷರ ಮೂಡಿದವು.

ಆಮೇಲೆ ಬ್ಯಾನರಿನ ದೊಡ್ಡ ದೊಡ್ಡ ಫೋಟೋಗಳನ್ನು ತೆರೆದು ಎರಡು ಗಂಟೆ ಬಿಡದೆ ದುಡಿಸಿದೆ. ಒಳಗಿನ ಬಿಸಿಯ ಅಂಕಿ ಏರುತ್ತಿತ್ತು. ಅಪ್ಪ ಆಗಾಗ ಜಾಲರಿಯ ಮೇಲೆ, ಮಗುವಿನ ಜ್ವರ ನೋಡುವ ಹಾಗೆ, ಅಂಗೈ ಇಡುತ್ತಿದ್ದ. ಮುದ್ದೆ ಆರಿತೆಂದು ಅವ್ವ ಎರಡು ಸಲ ಕರೆದಳು. ಅರವತ್ತು ಡಿಗ್ರಿಯ ಆಸುಪಾಸಿಗೆ ಬಂದು ಅಂಕಿ ನಿಂತಿತು.

"ಸಾಕಾ ಗಾಳಿ?"

"ಸಾಕು ಕಣಪ್ಪ."

ಸಂಜೆ ಪಕ್ಕದ ಮನೆಯವರು ನೋಡಲು ಬಂದರು. ಅಪ್ಪ ಪೆಟ್ಟಿಗೆಯ ಮುಂದಿನ ಜಾಲರಿ ತೋರಿಸಲಿಲ್ಲ. ಹಿಂಭಾಗವನ್ನು ಅವರತ್ತ ತಿರುಗಿಸಿ, "ಈ ಕಿಂಡಿ ನಮ್ಮುಡ್ಗಿ ಕೆತ್ತಿದ್ದು" ಅಂದ. ಕಂಪ್ಯೂಟರು ಜೋಡಿಸುವುದು ನನಗೆ ಹೊಸದಲ್ಲ, ಪಾಂಡವಪುರದಲ್ಲಿ ಎಷ್ಟೋ ಜನಕ್ಕೆ ಜೋಡಿಸಿಕೊಟ್ಟಿದ್ದೇನೆ. ಆ ಮಾತು ಕೇಳಿ ಮಾತ್ರ ಎದೆ ತುಂಬಿ ಬಂತು, ತಲೆ ತಗ್ಗಿಸಿ ವೈರು ಸುತ್ತುತ್ತ ಕೂತೆ.

ಈಗ ಅದು ಅಂಗಡಿಯ ಮೇಜಿನ ಮೇಲಿದೆ. ಬಂದವರಿಗೆ ಅದರ ಹಿಂಭಾಗವೇ ಕಾಣುವಂತೆ ಇಟ್ಟಿದ್ದೇನೆ. ವೈರುಗಳೆಲ್ಲ ಕಾಣುತ್ತವೆ, ತಿರುಗಿಸಿಡಿ ಎಂದು ಗಿರಾಕಿಗಳು ಹೇಳುತ್ತಾರೆ. ಕಾಣಲಿ ಬಿಡಿ ಅನ್ನುತ್ತೇನೆ.