ಬಹುಮಾನದ ಷೇರಿಗೆ ಬಿದ್ದ ತೆರಿಗೆ

ಅರವತ್ತರ ದಶಕದಲ್ಲಿ ನಾನು ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಲೆಕ್ಕ ನೋಡುತ್ತಿದ್ದೆ. ಒಮ್ಮೆ ಮ್ಯಾನೇಜರು ಹಳೆಯ ನೌಕರರನ್ನೆಲ್ಲ ಸೇರಿಸಿ, ಕಂಪನಿಯ ಷೇರುಗಳನ್ನು ಬಹುಮಾನವಾಗಿ ಕೊಡುತ್ತೇವೆಂದು ಸಾರಿದರು. ಜೋರು ಚಪ್ಪಾಳೆ ಬಿತ್ತು. ಷೇರಿನ ಬೆಲೆಯನ್ನು ಸಂಬಳಕ್ಕೆ ಸೇರಿಸಿ ಆದಾಯ ತೆರಿಗೆ ಹಿಡಿಯುತ್ತಾರೆಂಬ ಮಾತನ್ನು ಮಾತ್ರ ಅವರು ಎತ್ತಲಿಲ್ಲ. ಅದನ್ನು ಹೇಳುವ ಕರ್ಮ ನನ್ನದಾಯಿತು.

ಸಂಬಳದ ದಿನ ಲೇತ್ ವಿಭಾಗದ ಫೋರ್‌ಮನ್ ನನ್ನ ಮೇಜಿನ ಮುಂದೆ ಬಂದು ನಿಂತರು. ಕೋಲಾರದ ಕಡೆಯ ಹಿರಿಯರು.

“ಏನ್ ಸಾರ್ ಇದು? ನಾನು ಷೇರು ಮಾರೇ ಇಲ್ಲ. ಕೈಗೆ ಕಾಸು ಬರದೆ ವರಿ ಹೆಂಗೆ ಹಿಡೀತೀರ?”

“ಮಾರದಿದ್ರೂ ಅದು ಆದಾಯಾನೇ ಅಣ್ಣಾ, ತೆರಿಗೆ ಬಿದ್ದೇ ಬೀಳುತ್ತೆ. ಸಂಬಳದ ಜೊತೆ ಕೊಟ್ಟ ಹಾಗೆ ಲೆಕ್ಕ.”

“ಬಹುಮಾನ ಅಂದ್ರಲ್ಲ?”

ಎಷ್ಟು ಬಿಡಿಸಿ ಹೇಳಿದರೂ ಮಾತು ಮತ್ತೆ ಅಲ್ಲಿಗೇ ಬರುತ್ತಿತ್ತು. ಅವರ ಹಿಂದೆ ಇನ್ನೂ ಹತ್ತಾರು ಜನ ಅದೇ ಪ್ರಶ್ನೆ ಹಿಡಿದು ನಿಂತಿದ್ದರು. ರೇಗಿಹೋಗಿ ಮ್ಯಾನೇಜರ ಕೋಣೆಗೆ ನುಗ್ಗಿ, ನೀವೇ ಬಂದು ಒಂದು ಮಾತು ಹೇಳಿ ಎಂದೆ.

“ತೆರಿಗೆ ವಿಷಯ ನಿಮಗೇ ಚೆನ್ನಾಗಿ ಗೊತ್ತಲ್ಲ” ಎಂದು ಅವರು ಕಾಫಿ ಲೋಟ ಎತ್ತಿಕೊಂಡರು.

ಮರುವರ್ಷ ಷೇರು ಕೊಡಲು ಬಂದಾಗ ಫೋರ್‌ಮನ್ ಬೇಡವೆಂದರು. ಮ್ಯಾನೇಜರಿಗೆ ಎಂದಿನಂತೆ ಕೈಮುಗಿಯುತ್ತಿದ್ದರು. ನಾನು ಎದುರಾದರೆ ಮಾತ್ರ, ಮೋಸ ಮಾಡಿದವನನ್ನು ಕಂಡವರಂತೆ ಮುಖ ತಿರುಗಿಸುತ್ತಿದ್ದರು.