ಥ್ರಾಟಲ್ ಬಾಡಿ ಮತ್ತು ಲಿಂಗಪ್ಪನ ಕೈ

ಬಣಕಲ್ಲಿನ ಮೆಕ್ಯಾನಿಕ್ ಲಿಂಗಪ್ಪನ ಬಗ್ಗೆ ಜನ ಎರಡು ಮಾತು ಹೇಳುತ್ತಿದ್ದರು: ಕೆಲಸ ಅಪ್ಪಟ, ಕೈ ಕೆಟ್ಟದ್ದು. ಎರಡೂ ಸುಳ್ಳಲ್ಲ. ಗೋಣಿಬೀಡಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಅಪ್ಪ ರುದ್ರಪ್ಪ ಮಗನನ್ನು ತಕ್ಕಡಿಯ ಸರಪಳಿಯಲ್ಲಿ ಬಾರಿಸಿ ಬೆಳೆಸಿದ. ಚಿಕ್ಕಮಗಳೂರಿನ ಗ್ಯಾರೇಜಿನ ಗುರು ಸ್ಪಾನರಿನಲ್ಲಿ ಬಾರಿಸಿ ಕೆಲಸ ಕಲಿಸಿದ. ಲಿಂಗಪ್ಪನ ನೆತ್ತಿಯ ಮೇಲೆ ಕೂದಲು ಹುಟ್ಟದ ಗೆರೆಯೊಂದು ಈಗಲೂ ಇದೆ, ಅದು ವಾಲ್ವ್ ಸೆಟ್ಟಿಂಗ್ ತಪ್ಪಿದ್ದಕ್ಕೆ ಸಿಕ್ಕ ಬಹುಮಾನ. ಹೀಗೆ ಬೆಳೆದವನು ಹೊಡೆತವೂ ಕಸುಬಿನ ಒಂದು ಸಲಕರಣೆ ಎಂದೇ ನಂಬಿಕೊಂಡ. ಗಿರಾಕಿಗಳ ಕಪಾಳ, ಡ್ರೈವರುಗಳ ಹಲ್ಲು, ಯಾವುದನ್ನೂ ಬಿಡಲಿಲ್ಲ.

ಮೂರು ವರ್ಷದ ಹಿಂದೆ ಗ್ಯಾರೇಜಿನ ಸಿಟ್ಟನ್ನು ಮನೆಗೆ ಹೊತ್ತು ತಂದು, ಊಟ ಬಡಿಸುತ್ತಿದ್ದ ಹೆಂಡತಿ ಶಾಂತಕುಮಾರಿಗೆ ಒಂದು ಬಿಟ್ಟ. ಅವಳ ಎಡಗಿವಿಯ ತಮಟೆ ಹರಿಯಿತು. ಅವಳು ಅಳಲಿಲ್ಲ, ಬೈಯಲಿಲ್ಲ, ಆಲ್ದೂರಿನ ತವರಿಗೆ ಹೋದಳು. ನಾಲ್ಕು ತಿಂಗಳು ಬರಲಿಲ್ಲ. ಬಂದಾಗ ಹೊಸಿಲ ಆಚೆಯೇ ನಿಂತು ಹೇಳಿದಳು:

"ನನ್ನ ಮೇಲೆ ಅಂತಲ್ಲ. ಯಾರ ಮೇಲಾದ್ರೂ ನೀವು ಕೈ ಎತ್ತಿದ್ದು ಗೊತ್ತಾದ್ರೆ ಅವತ್ತೇ ಆಲ್ದೂರು ಬಸ್ಸು ಹತ್ತೀನಿ. ಮತ್ತೆ ಕರೀಲಿಕ್ಕೆ ಬರ್ಬೇಡಿ."

ಆ ನಾಲ್ಕು ತಿಂಗಳು ಇನ್ನೊಮ್ಮೆ ಬಂದರೆ ತಾನು ಉಳಿಯುವುದಿಲ್ಲವೆಂದು ಲಿಂಗಪ್ಪನಿಗೆ ಗೊತ್ತಿತ್ತು. ಅಂದಿನಿಂದ ಹಲ್ಲು ಕಚ್ಚಿಕೊಂಡು ಬದುಕಿದ.

ಅಂಥವನ ಮುಂದೆ ಕಳೆದ ಜನವರಿಯ ಒಂದು ಬೆಳಿಗ್ಗೆ ಶಶಿಧರ್ ಕಾರು ತಂದು ನಿಲ್ಲಿಸಿದ. ಮೂವತ್ತರ ಎಸ್ಟೇಟ್ ಮಾಲೀಕ, ತೋಟದ ರಸ್ತೆಗಳಲ್ಲಿ ರೇಸ್ ಓಡಿಸುವ ಹುಚ್ಚು. ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಹೊಸದೊಂದನ್ನು ಮಂಗಳೂರಿನಲ್ಲಿ ಯಾರೋ ಒಳಗಿಂದ ಕೊರೆದು, ಅಗಲ ಮಾಡಿ, ಕನ್ನಡಿಯ ಹಾಗೆ ಉಜ್ಜಿ, ಹಳೆಯದರ ಜಾಗಕ್ಕೆ ಕೂರಿಸಿಕೊಟ್ಟಿದ್ದರು.

"ಲಿಂಗಪ್ಪ, ಇದನ್ನ ಇನ್ನೂ ಎರಡು ಎಂಎಂ ಕೊರಿ ಮಾರಾಯ. ಅಲ್ಲಿ ಮಾಡಿಸಿದ್ಮೇಲೆ ಗಾಡಿ ಹುಲಿ ಆಗಿದೆ."

"ಬೇಡ ಸಾರ್. ಬಾಗಿಲು ಅಗಲ ಮಾಡಿದ್ರೆ ಮನೆ ದೊಡ್ಡದಾಗುತ್ತಾ? ಇಂಜಿನ್ ಎಷ್ಟು ಎಳ್ಕೊಳ್ಳುತ್ತೋ ಅಷ್ಟೇ ಗಾಳಿ. ಪೆಡಲ್ ಮೇಲೆ ಸ್ವಲ್ಪ ಕಾಲಿಟ್ಟಾಗ ಚುರುಕು ಅನ್ಸುತ್ತೆ, ನಿಜ. ಪೂರ್ತಿ ತುಳಿದಾಗ ಹಳೇದೂ ಇದೂ ಒಂದೇ."

"ನಿಂಗೆ ಬರಲ್ಲ ಅನ್ನು, ಸಾಕು. ಹೆಂಡ್ತಿಗೆ ಹೊಡೆಯೋದು ಬಿಟ್ರೆ ನಿಂಗೆ ಇನ್ನೇನು ಬರುತ್ತೆ?"

ಲಿಂಗಪ್ಪನ ಮೈಯೆಲ್ಲ ಉರಿದುಹೋಯಿತು. ಬೆರಳುಗಳು ತಾವಾಗಿಯೇ ಮುಷ್ಟಿಯಾದವು. ಬಲವಂತದಿಂದ ಬಿಡಿಸಿದ. ಆದರೆ ಸಿಟ್ಟು ಎಲ್ಲಿಗೆ ಹೋಗಬೇಕು? ಅದು ಬೇರೆ ದಾರಿ ಹುಡುಕಿತು.

"ಹಳೇದು ಡಿಕ್ಕಿಯಲ್ಲಿದ್ಯಲ್ಲ ಸಾರ್. ಒಂದ್ಸಲ ಅದು, ಒಂದ್ಸಲ ಇದು ಹಾಕಿ ಬಾನೆಟ್ ಮುಚ್ಚಿ ಕೊಡ್ತೀನಿ. ಯಾವ್ದು ಅಂತ ನಾನು ಹೇಳಲ್ಲ. ಕೆಳಗಿಂದ ಪೂರ್ತಿ ತುಳ್ಕೊಂಡು ಈ ಏರು ಹತ್ತಿ. ಯಾವ್ದು ಹುಲಿ ಅಂತ ನೀವೇ ಹೇಳಿ."

ಪಕ್ಕದ ಟೈರ್ ಅಂಗಡಿಯ ಬಸವರಾಜಪ್ಪ ಮೊಬೈಲಿನಲ್ಲಿ ಸಮಯ ನೋಡಲು ನಿಂತ. ಬಸ್ಸಿಗೆ ಕಾಯುತ್ತಿದ್ದವರೂ ಬಂದು ಸುತ್ತುಗಟ್ಟಿದರು. ಮೊದಲ ಸಲ ಮೂವತ್ತೆಂಟು ಸೆಕೆಂಡು. ಶಶಿಧರ್ ಕಿಟಕಿಯಿಂದ ತಲೆ ಹೊರಹಾಕಿ, "ಇದು ಹಳೇದು. ಎಮ್ಮೆ!" ಎಂದ. ಲಿಂಗಪ್ಪ ಬಿಚ್ಚಿ ಬದಲಾಯಿಸಿ ಕೊಟ್ಟ. ಎರಡನೆಯ ಸಲವೂ ಮೂವತ್ತೆಂಟೇ. "ನೋಡ್ರೋ, ಇದು ಹುಲಿ!" ಎಂದು ಶಶಿಧರ್ ಸ್ಟಿಯರಿಂಗ್ ಕುಟ್ಟಿದ.

ಲಿಂಗಪ್ಪ ಎಲ್ಲರಿಗೂ ಕಾಣುವಂತೆ ಬಾನೆಟ್ ಎತ್ತಿ, ಗಾಳಿಯ ಪೈಪು ಕಳಚಿದ. ಒಳಗಿದ್ದದ್ದು ಮಸಿ ಹಿಡಿದ ಹಳೆಯ ಥ್ರಾಟಲ್ ಬಾಡಿ.

"ಹುಲಿ ಎಮ್ಮೆ ಹೊಟ್ಟೇಲಿತ್ತಾ ಸಾರ್?" ಎಂದ ಬಸವರಾಜಪ್ಪ. ಇಡೀ ಬಸ್‌ಸ್ಟಾಂಡು ಬಿದ್ದು ಬಿದ್ದು ನಕ್ಕಿತು.

ಇದನ್ನು ಗ್ಯಾರೇಜಿನ ಒಳಗೆ, ಇಬ್ಬರೇ ಇದ್ದಾಗ ತೋರಿಸಬಹುದಿತ್ತು. ಲಿಂಗಪ್ಪನಿಗೆ ಅದು ಬೇಕಿರಲಿಲ್ಲ. ಊರ ಬೀದಿಯಲ್ಲಿ ಎಸ್ಟೇಟ್ ಮಾಲೀಕನ ಮಾನ ಕಳೆಯುವುದೆಂದರೆ ಏನೆಂದು ತಿಳಿದೇ ಮಾಡಿದ, ಮಾಡಿ ಒಳಗೊಳಗೇ ಹಿಗ್ಗಿದ. ಹಿಗ್ಗಿದ್ದು ಒಂದೇ ಗಳಿಗೆ.

ಶಶಿಧರ್ ಡಿಕ್ಕಿಯಿಂದ ವೀಲ್ ಸ್ಪಾನರ್ ತಂದ. ಕಾರಿನ ಅಂಚಿನ ಮೇಲಿದ್ದ ಲಿಂಗಪ್ಪನ ಬಲಗೈ ಮೇಲೆ ಮೊದಲ ಏಟು ಬಿತ್ತು. ಒಣಗಿದ ಕಾಫಿ ಗೆಲ್ಲು ಮುರಿದಂಥ ಸದ್ದಾಯಿತು. ಎರಡನೆಯದು ಭುಜಕ್ಕೆ. ಲಿಂಗಪ್ಪ ಕುಸಿದು ಬಿದ್ದ ಮೇಲೆ ಬೂಟುಗಾಲು ಪಕ್ಕೆಗೆ, ಆಮೇಲೆ ಬಾಯಿಗೆ. ಹಲ್ಲೊಂದು ರಕ್ತದೊಡನೆ ಮಣ್ಣಿಗೆ ಬಿತ್ತು. ನಕ್ಕ ಜನ ಈಗ ಹಿಂದೆ ಸರಿದಿದ್ದರು, ಥೂ, ಒಬ್ಬನಿಗೂ ಮುಂದೆ ಬರುವ ಧೈರ್ಯವಿರಲಿಲ್ಲ.

ಪಕ್ಕದಲ್ಲಿ ಬಿದ್ದಿದ್ದ ಸಲಕರಣೆಗಳತ್ತ ಲಿಂಗಪ್ಪ ಚಾಚಿದ ಎಡಗೈಗೆ ಸುತ್ತಿಗೆ ಸಿಕ್ಕಿತು. ಶಶಿಧರನ ಮಂಡಿ ಒಂದು ಮೊಳ ದೂರದಲ್ಲಿತ್ತು. ಎಲ್ಲಿಗೆ ಹೊಡೆದರೆ ಈ ಮನುಷ್ಯ ಜನ್ಮಪೂರ್ತಿ ಕುಂಟುತ್ತಾನೆ ಎಂಬುದು ಲಿಂಗಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಹಿಡಿ ಬಿಗಿಯಾಯಿತು.

"ಎತ್ತೋ! ಎತ್ತಿ ನೋಡು!" ಎಂದು ಶಶಿಧರ್ ಕಿರುಚಿದ.

ಶಾಂತಕುಮಾರಿ ಬ್ಯಾಗು ಹಿಡಿದು ಬಸ್ಸು ಹತ್ತುವುದು ಲಿಂಗಪ್ಪನ ಕಣ್ಣಿಗೆ ಕಟ್ಟಿತು. ಸುತ್ತಿಗೆ ಬಿಟ್ಟುಬಿಟ್ಟ. ಮುರಿದ ಕೈಯ ಮೇಲೆಯೇ ಇನ್ನೊಂದು ಏಟು ಬಿತ್ತು, ಅದರ ಮೇಲೆ ಮತ್ತೊಂದು. ಕೊನೆಗೆ ಬಸವರಾಜಪ್ಪ ಶಶಿಧರನ ಸೊಂಟ ಹಿಡಿದು ಎಳೆದ.

ಮೂಡಿಗೆರೆಯ ಆಸ್ಪತ್ರೆಯಲ್ಲಿ ಕೈಗೆ ಕಟ್ಟು ಹಾಕಿದರು. ಮೂರು ಬೆರಳಿಗೆ ಆಪರೇಷನ್ ಬೇಕು, ಮಾಡಿದರೂ ಇನ್ನು ಸ್ಪಾನರ್ ಹಿಡಿಯುವುದು ಅನುಮಾನ ಎಂದರು ಡಾಕ್ಟರು. ಲಿಂಗಪ್ಪನ ಕಿವಿ ಅತ್ತ ಇರಲೇ ಇಲ್ಲ. ಅವನು ಬಾಗಿಲು ನೋಡುತ್ತಿದ್ದ.

ಮಧ್ಯಾಹ್ನ ಶಾಂತಕುಮಾರಿ ಬಂದಳು. ಊದಿದ ತುಟಿಯಲ್ಲೇ ಲಿಂಗಪ್ಪ ಗಡಿಬಿಡಿಯಿಂದ ಹೇಳಿದ:

"ಸುತ್ತಿಗೆ ಕೈಗೇ ಸಿಕ್ಕಿತ್ತು ಕಣೇ, ಬಿಟ್ಬಿಟ್ಟೆ. ಬೇಕಾದ್ರೆ ಬಸವರಾಜಪ್ಪನ್ನ ಕೇಳು. ನಾನು ಕೈ ಎತ್ಲಿಲ್ಲ."

ಅವಳು ಸೆರಗಿನಿಂದ ಅವನ ಗಲ್ಲದ ರಕ್ತ ಒರೆಸಿದಳು. ಮಂಚದ ಅಂಚಿನಲ್ಲಿ ಕೂತು ಕೈಯ ಕಟ್ಟನ್ನೇ ನೋಡಿದಳು.

"ತುಂಬಾ ನೋವಾಯ್ತಾ?"

"ಪ್ರಾಣ ಹೋದಂಗಾಯ್ತು."

"ಅವತ್ತು ನಾನೂ ಕೈ ಎತ್ತಿರ್ಲಿಲ್ಲ," ಎಂದಳು ಶಾಂತಕುಮಾರಿ.