ಹದಿನೈದು ಸುತ್ತು ಹಿಂದೆ

ಮೋಟಾರನ್ನು ತಯಾರಿಸಬಲ್ಲವರು ಇದ್ದಾರೆ, ಮಾರಬಲ್ಲವರು ಇನ್ನೂ ಹೆಚ್ಚಾಗಿ ಇದ್ದಾರೆ, ಕಪ್ಪುಹಲಗೆಯ ಮೇಲೆ ಅದರ ಚಿತ್ರ ಬರೆದು ಪಾಠ ಹೇಳಬಲ್ಲವರಿಗಂತೂ ಬರವಿಲ್ಲ. ಆದರೆ ಓಡುತ್ತಿರುವ ಮೋಟಾರಿನ ಮುಂದೆ ಕೈಕಟ್ಟಿ ನಿಂತು, ಅದು ಹೇಳುತ್ತಿರುವುದು ನಿಜವೋ ಸುಳ್ಳೋ ಎಂದು ವಿಚಾರಿಸಬಲ್ಲವರು ಒಂದು ತಲೆಮಾರಿಗೆ ಒಬ್ಬರೋ ಇಬ್ಬರೋ. ನಗರದ ನೀರೆತ್ತುವ ಸ್ಥಾವರದಲ್ಲಿ ಮೂವತ್ತಾರು ವರ್ಷ ಸೇವೆ ಸಲ್ಲಿಸಿ, ಪ್ರಧಾನ ಫೋರ್‌ಮನ್ ಹುದ್ದೆಯಿಂದ ಈಗ ನಿವೃತ್ತರಾಗುತ್ತಿರುವ ಹಿರಿಯರು ಆ ವಿರಳ ಪಂಕ್ತಿಗೆ ಸೇರಿದವರು. ಸ್ಥಾವರದವರು ಅವರನ್ನು ಎದುರಿಗೆ ‘ಮೇಷ್ಟ್ರೇ’ ಎಂದೂ ಬೆನ್ನ ಹಿಂದೆ ‘ಅನುಮಾನದ ಮೇಷ್ಟ್ರು’ ಎಂದೂ ಕರೆಯುತ್ತಿದ್ದರು. ಎರಡನೆಯ ಹೆಸರೂ ಅವರ ಕಿವಿಗೆ ಬಿದ್ದಿತ್ತು. ಅದನ್ನು ಅವರು ಬಿರುದೆಂದೇ ಇಟ್ಟುಕೊಂಡಿದ್ದರು ಎಂಬ ಅನುಮಾನ ಹಲವರಿಗಿದೆ.

ಅಭಿನಂದನ ಗ್ರಂಥಗಳಲ್ಲಿ ಹೊಗಳಿಕೆಗೆ ಕೊರತೆ ಇರುವುದಿಲ್ಲ. ಈ ಲೇಖಕನೂ ಮೊದಲು ಅಂಥದೇ ಒಂದು ಲೇಖನವನ್ನು ಬರೆದು ಸಂಪಾದಕರಿಗೆ ಒಪ್ಪಿಸಿದ್ದ. ಪೆನ್ಸಿಲಿನ ಒಂದು ಗುರುತು ಹೊತ್ತು ಅದು ಹಿಂದಿರುಗಿ ಬಂತು; ಇದು ಎರಡನೆಯದು. ಇಪ್ಪತ್ತೆರಡು ವರ್ಷಗಳ ಹಿಂದೆ ಮೇಷ್ಟ್ರ ಮೇಲೆ ಹೆಸರಿಲ್ಲದ ದೂರೊಂದು ಹೋಗಿ, ಮೂರು ವಾರ ಅವರು ಅಮಾನತಿನಲ್ಲಿದ್ದುದು ಹಳೆಯ ನೌಕರರಿಗೆ ನೆನಪಿರಬಹುದು. ಆ ಮೂಗರ್ಜಿ ಬರೆದವನು ಈ ಲೇಖಕನೇ. ಮೇಷ್ಟ್ರಿಗೆ ಅದು ಗೊತ್ತೋ ಇಲ್ಲವೋ ಎಂಬ ಒಂದೇ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವನು ಇಷ್ಟು ವರ್ಷ ಅವರ ಕಣ್ಣೆದುರು ಕೆಲಸ ಮಾಡಿದ.

ಅವನು ಸ್ಥಾವರಕ್ಕೆ ಬಂದದ್ದು ಆ ದೂರಿಗೂ ಎರಡು ವರ್ಷ ಮುಂಚೆ, ಕಿರಿಯ ಇಂಜಿನಿಯರನಾಗಿ. ಅಂಕಪಟ್ಟಿಯ ಭಾರಕ್ಕೆ ಅವನ ಕತ್ತು ಸ್ವಲ್ಪ ಸೆಟೆದೇ ಇತ್ತು. ಎತ್ತರದ ಚಾವಣಿಯ ಹಜಾರ, ಎಣ್ಣೆಯ ಮತ್ತು ಬಿಸಿಯಾದ ವಾರ್ನಿಷಿನ ವಾಸನೆ, ಸಾಲಾಗಿ ಆರು ಮೋಟಾರು. ಬಾಗಿಲ ಬಳಿಯ ಎರಡು ಸಿಂಕ್ರೊನಸ್ ಜಾತಿಯವು, ಒಳಗಿನ ನಾಲ್ಕು ಇಂಡಕ್ಷನ್. ಆರೂ ಒಟ್ಟಿಗೆ ಓಡುವಾಗ ಪಕ್ಕದವನ ಮಾತು ಕೇಳಬೇಕಾದರೆ ಅವನ ಕಿವಿಗೇ ಬಾಯಿ ಹಚ್ಚಬೇಕಿತ್ತು.

ಮೇಷ್ಟ್ರು ಮೊದಲ ದಿನವೇ ಪಾಠ ಹೇಳಿದರು. ಹೊರಗಿನ ಚಿಪ್ಪಿನಲ್ಲಿ ಮೂರು ತಂತಿಗಳ ವಿದ್ಯುತ್ತು ಒಂದರ ಹಿಂದೊಂದು ಏರಿ ಇಳಿಯುವುದರಿಂದ ಕಣ್ಣಿಗೆ ಕಾಣದ ಒಂದು ಕಾಂತಕ್ಷೇತ್ರ ಗಿರಗಿರನೆ ಸುತ್ತುತ್ತದೆ. ಈ ಸ್ಥಾವರದ ಮೋಟಾರುಗಳಲ್ಲಿ ನಿಮಿಷಕ್ಕೆ ಸರಿಯಾಗಿ ಸಾವಿರದ ಐನೂರು ಸುತ್ತು. ಇಲ್ಲಿಯವರೆಗೆ ಎರಡೂ ಜಾತಿಗೆ ಭೇದವಿಲ್ಲ, ಭೇದವೆಲ್ಲ ಒಳಗೆ ತಿರುಗುವ ರೋಟರಿನದು. ಇಂಡಕ್ಷನ್ ಮೋಟಾರಿನ ರೋಟರಿಗೆ ಹೊರಗಿನಿಂದ ಒಂದು ತಂತಿಯೂ ಇಲ್ಲ. ಸುತ್ತುವ ಕ್ಷೇತ್ರ ಅದರ ಸರಳುಗಳನ್ನು ಹಾದುಹೋಗುವಾಗ ಅಲ್ಲೇ ವಿದ್ಯುತ್ತು ಹುಟ್ಟಿ, ಆ ವಿದ್ಯುತ್ತೇ ರೋಟರನ್ನು ಕ್ಷೇತ್ರದ ಬೆನ್ನು ಹತ್ತಿಸುತ್ತದೆ. ಆದರೆ ಅದು ಕ್ಷೇತ್ರವನ್ನು ಹಿಡಿದೇಬಿಟ್ಟರೆ ಹಾದುಹೋಗುವುದು ನಿಂತು, ವಿದ್ಯುತ್ತು ಹುಟ್ಟುವುದು ನಿಂತು, ಬಲವೇ ಇಲ್ಲವಾಗುತ್ತದೆ. ಆದ್ದರಿಂದ ಹೊರೆ ಹೊತ್ತ ಇಂಡಕ್ಷನ್ ಮೋಟಾರು ಹತ್ತು ಹದಿನೈದು ಸುತ್ತು ಹಿಂದೆ ಬಿದ್ದೇ ಓಡಬೇಕು. ಸಿಂಕ್ರೊನಸ್ ಮೋಟಾರಿನಲ್ಲಿ ಹಾಗಲ್ಲ. ರೋಟರಿಗೆ ಬೇರೆಯಾಗಿ ನೇರ ವಿದ್ಯುತ್ತು ಕೊಟ್ಟು ಅದನ್ನೇ ಅಯಸ್ಕಾಂತ ಮಾಡುವುದರಿಂದ, ಅದು ಕ್ಷೇತ್ರಕ್ಕೆ ಕಚ್ಚಿಕೊಂಡು ಒಂದು ಸುತ್ತೂ ತಪ್ಪದೆ ಓಡುತ್ತದೆ. ಆದರೆ ನಿಂತಲ್ಲಿಂದ ತಾನಾಗಿ ಹೊರಡಲಾರದು, ಬೇರೆ ಉಪಾಯದಿಂದ ವೇಗಕ್ಕೆ ತಂದು ಬಿಡಬೇಕು. ಹೊರೆ ಮಿತಿ ಮೀರಿದರೆ ಹೆಜ್ಜೆ ತಪ್ಪಿ ಅಬ್ಬರಿಸಿ ನಿಂತುಬಿಡುತ್ತದೆ.

ಇಷ್ಟನ್ನೂ ಹುಡುಗ ಪುಸ್ತಕದಲ್ಲಿ ಓದಿಕೊಂಡೇ ಬಂದಿದ್ದ. ಮುಖದಲ್ಲಿ ಅದು ಕಂಡಿತೋ ಏನೋ, ಮೇಷ್ಟ್ರು ಕಿವಿಯ ಹತ್ತಿರ ಬಂದರು.

“ನೋಡಪ್ಪಾ, ಸಿಂಕ್ರೊನಸ್ಸು ಮನೆ ಅಳಿಯ ಇದ್ದ ಹಾಗೆ. ಕೈಹಿಡಿದು ಕರ್ಕೊಂಡು ಬರಬೇಕು. ಬಂದ್ಮೇಲೆ ಗತ್ತು ನೋಡು, ಗಡಿಯಾರ ತಪ್ಪಿದ್ರೂ ಅವನು ತಪ್ಪಲ್ಲ. ಒಂದು ಮಾತು ಹೆಚ್ಚಾಯ್ತೋ, ಎಲೆ ಮುಂದಿಂದ ಎದ್ದು ಹೋಗ್ತಾನೆ. ಇಂಡಕ್ಷನ್ನು ಮನೆ ಮಗ. ಯಾರೂ ಕರೆಯೋದೇ ಬೇಡ, ತಾನೇ ಎದ್ದು ಕೆಲಸಕ್ಕೆ ಹೋಗ್ತಾನೆ. ಸ್ವಲ್ಪ ತಡ, ಅಷ್ಟೆ. ನನ್ನ ಮಾತು ನಂಬಬೇಡ, ಹೋಗಿ ನೋಡು.”

‘ನಂಬಬೇಡ, ಹೋಗಿ ನೋಡು’ ಎಂಬುದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು. ಕಿರಿಯ ನಂಬಿದ, ಹೋಗಿ ನೋಡಲಿಲ್ಲ. ಎರಡನೆಯ ವಾರ ದಿನಚರಿಯಲ್ಲಿ ಮೂರನೇ ನಂಬರಿನ ಮೋಟಾರಿನ ಎದುರು ‘೧೫೦೦’ ಎಂದು ಕುಳಿತಲ್ಲಿಂದಲೇ ಬರೆದ. ಮೇಷ್ಟ್ರು ಪುಟ ತಿರುಗಿಸಿ, ಎಲ್ಲರೆದುರಿಗೆ ಕೇಳಿದರು: “ಮೂರನೇದು ಯಾವಾಗ ಸಿಂಕ್ರೊನಸ್ ಆಯ್ತು? ನಮಗ್ಯಾರಿಗೂ ಹೇಳೇ ಇಲ್ವಲ್ಲ!” ಹೊರೆ ಹೊತ್ತ ಇಂಡಕ್ಷನ್ ಮೋಟಾರು ಸಾವಿರದ ಐನೂರು ಸುತ್ತಿತೆಂದರೆ ಒಂದೋ ಮೋಟಾರು ಸುಳ್ಳು, ಇಲ್ಲ ಬರೆದವನು ಸುಳ್ಳು. ಅಂದಿನಿಂದ ದುಂಡು ಲೆಕ್ಕ ಬರೆಯುವ ಅವನಿಗೆ ಮೇಷ್ಟ್ರು ಇಟ್ಟ ‘ದುಂಡಪ್ಪ’ ಎಂಬ ಹೆಸರು ಅಂಟಿತು. ಹಜಾರದಲ್ಲೆಲ್ಲ ನಗೆಯೋ ನಗೆ. ಅವನೂ ನಕ್ಕ, ಹಲ್ಲು ಕಚ್ಚಿಕೊಂಡು ನಕ್ಕ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆಮೇಲೆ ದುಂಡಪ್ಪನಿಗೆ ಮೇಷ್ಟ್ರ ನಡೆಯೆಲ್ಲ ವಕ್ರವಾಗಿ ಕಾಣತೊಡಗಿತು. ಮೋಟಾರುಗಳ ತಿರುಗುವ ದಂಡದ ತುದಿಗೆ ಅವರು ಸೀಮೆಸುಣ್ಣದಿಂದ ಗೀಟು ಎಳೆಯುತ್ತಿದ್ದರು: ಯಾರಿಗೆ ಈ ಸಂಜ್ಞೆ? ಬೀರುವಿನಲ್ಲಿ ಒಂದು ತಗಡಿನ ಡಬ್ಬಿ ಇಟ್ಟು ಬೀಗ ಹಾಕುತ್ತಿದ್ದರು: ಏನಿದೆ ಅದರಲ್ಲಿ? ಸಿಂಕ್ರೊನಸ್ ಮೋಟಾರುಗಳ ನೆತ್ತಿಯ ಮೇಲೆ ಹೊಸದಾಗಿ ಹಾಕಿದ್ದ ಟ್ಯೂಬ್‌ಲೈಟುಗಳನ್ನು ಒಂದು ಭಾನುವಾರ ಬಿಚ್ಚಿಸಿ, ಹಳೆಯ ಬಲ್ಬುಗಳನ್ನೇ ಹಾಕಿಸಿದರು: ಟ್ಯೂಬುಗಳು ಯಾರ ಮನೆಗೆ ಹೋದವು? ಇದೇ ಸಮಯಕ್ಕೆ ಎರಡೂ ಹಳೆಯ ಸಿಂಕ್ರೊನಸ್‌ಗಳನ್ನು ತೆಗೆದು ಇಂಡಕ್ಷನ್ ತರುವ ಪ್ರಸ್ತಾಪ ಬಂತು. ಎರಡನೆಯದನ್ನು ಬದಲಿಸಬಹುದು, ಒಂದನೆಯದನ್ನು ಕೂಡದು ಎಂದು ಮೇಷ್ಟ್ರು ಬರೆದರು. ಅದಕ್ಕೆ ಎರಡು ದಿನ ಮುಂಚೆ ಮೋಟಾರು ಕಂಪನಿಯ ಮಾರಾಟಗಾರನೊಬ್ಬ ಅವರ ಕೈಗೆ ಕಾಗದದಲ್ಲಿ ಸುತ್ತಿದ ಒಂದು ಕಟ್ಟು ಕೊಟ್ಟದ್ದನ್ನು ದುಂಡಪ್ಪ ಕಿಟಕಿಯಿಂದ ಕಂಡಿದ್ದ. ಇನ್ನೇನು ಬೇಕು?

ಅಕ್ಷರದ ಗುರುತು ಸಿಗಬಾರದೆಂದು ಅವನು ಪೇಟೆಯ ಬೆರಳಚ್ಚಿನ ಅಂಗಡಿಯಲ್ಲಿ ಕುಳಿತು ಅರ್ಜಿ ಬರೆಯಿಸಿದ. ಗೀಟು, ಡಬ್ಬಿ, ಟ್ಯೂಬು, ಕಟ್ಟು, ಒಂದನ್ನೂ ಬಿಡಲಿಲ್ಲ. “ನಿಮಿಷಕ್ಕೆ ೧೫೦೦ ಸುತ್ತು ಓಡುವ ಉತ್ತಮ ಇಂಡಕ್ಷನ್ ಮೋಟಾರನ್ನು ಬೇಡವೆನ್ನುವುದರ ಹಿಂದಿನ ಮರ್ಮವೇನು?” ಎಂದು ಮುಗಿಸಿದ. ಆ ವಾಕ್ಯದ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು.

ವಿಚಾರಣಾಧಿಕಾರಿ ಬಂದರು. ಮೇಷ್ಟ್ರ ಕೈಗೆ ದೂರಿನ ಒಂದು ಪ್ರತಿಯನ್ನು ಕೊಟ್ಟು, ಮನೆಗೆ ಕಳುಹಿಸಿದರು. ಅವರು ಅದನ್ನು ನಿಂತೇ ಓದಿ, ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಅವರ ಸೈಕಲ್ಲು ಗೇಟು ದಾಟುವವರೆಗೆ ದುಂಡಪ್ಪ ನೀರಿನ ಕೊಳವೆಯ ಒಂದು ದೊಡ್ಡ ಕವಾಟದ ಹಿಂದೆ ನಿಂತಿದ್ದ. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಅವರಿಲ್ಲದ ಎರಡನೆಯ ವಾರ ಟ್ಯೂಬ್‌ಲೈಟುಗಳು ಮತ್ತೆ ಮೇಲೇರಿದವು. ಅಲ್ಲಿಯವರೆಗೆ ಅವು ಉಗ್ರಾಣದ ಅಟ್ಟದಲ್ಲಿ ಒಂದೂ ಕಡಿಮೆಯಾಗದೆ ಧೂಳು ಹೊದ್ದು ಕುಳಿತಿದ್ದವು. ಒಂದು ಸಂಜೆ ದುಂಡಪ್ಪ ಅರಿವೆಯ ಉಂಡೆ ಹಿಡಿದು ಒಂದನೇ ನಂಬರಿನ ಬಳಿ ಹೋದ. ಮೋಟಾರನ್ನು ಪಂಪಿಗೆ ಸೇರಿಸುವ ಜೋಡಣೆಯ ಚಕ್ರದ ಮೇಲಿನ ಕವಚ ದುರಸ್ತಿಗೆ ಹೋಗಿತ್ತು. ಚಕ್ರದ ನಾಲ್ಕು ಬೋಲ್ಟುಗಳೂ ಕಣ್ಣೆದುರಿಗೇ ಸುಮ್ಮನೆ ನಿಂತಿದ್ದವು, ಪಕ್ಕದ ಮೋಟಾರುಗಳ ಗದ್ದಲದಲ್ಲಿ ಇದರ ಸದ್ದು ಬೇರೆಯಾಗಿ ಕೇಳುತ್ತಿರಲಿಲ್ಲ. ನಿಂತ ಯಂತ್ರದ ಎಣ್ಣೆ ಒರೆಸೋಣ ಎಂದು ಅವನು ಕೈ ಚಾಚಿದ.

ಯಂತ್ರ ನಿಂತಿರಲಿಲ್ಲ. ಹಳೆಯ ಬಲ್ಬಿನ ಹಾಗಲ್ಲ, ಟ್ಯೂಬ್‌ಲೈಟು ಕಣ್ಣಿಗೆ ತಿಳಿಯದಂತೆ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಸಾವಿರದ ಐನೂರರಲ್ಲಿ ಸುತ್ತುವ ಚಕ್ರ ಎರಡು ಮಿನುಗಿನ ನಡುವೆ ಸರಿಯಾಗಿ ಕಾಲು ಸುತ್ತು ತಿರುಗಿ, ಒಂದು ಬೋಲ್ಟಿನ ಜಾಗಕ್ಕೆ ಇನ್ನೊಂದು ಬಂದು ನಿಲ್ಲುತ್ತದೆ. ಕಣ್ಣಿಗೆ ಚಕ್ರ ಅಲುಗದು. ಒಂದು ಸುತ್ತೂ ತಪ್ಪದ ಸಿಂಕ್ರೊನಸ್ಸೇ ಹೀಗೆ ಮೋಸ ಮಾಡಬಲ್ಲದು. ತಡವಾಗಿ ಓಡುವ ಇಂಡಕ್ಷನ್ನಿನ ಬೋಲ್ಟುಗಳು ಅದೇ ಬೆಳಕಿನಲ್ಲಿ ನಿಧಾನವಾಗಿ ಹಿಂದಕ್ಕೆ ತೇಲಿ, ತಾವು ಓಡುತ್ತಿರುವುದನ್ನು ಹೇಳಿಬಿಡುತ್ತವೆ. ಚಕ್ರ ಅರಿವೆಯನ್ನು ಕಿತ್ತುಕೊಂಡಿತು, ಜೊತೆಗೆ ಬಲಗೈ ತೋರುಬೆರಳಿನ ಉಗುರನ್ನೂ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಅದನ್ನು ಅವನು ಬ್ಯಾಂಡೇಜು ಸುತ್ತಿಕೊಂಡು ಉಂಡ.

ವಿಚಾರಣೆಯಲ್ಲಿ ಡಬ್ಬಿ ತೆರೆದರು. ಸೀಮೆಸುಣ್ಣದ ತುಂಡುಗಳು, ತಂತಿ ಕಟ್ಟಿದ ಒಂದು ಪುಟ್ಟ ನಿಯಾನ್ ದೀಪ. ಮಿನುಗುವ ಆ ದೀಪ ಹಿಡಿದು, ಗೀಟು ನಿಮಿಷಕ್ಕೆ ಎಷ್ಟು ಸಲ ಹಿಂದಕ್ಕೆ ಸುತ್ತಿತೆಂದು ಎಣಿಸಿದರೆ ಮೋಟಾರು ಎಷ್ಟು ಹಿಂದುಳಿದಿದೆಯೆಂದು ತಿಳಿಯುತ್ತದೆ. ಕಟ್ಟಿನಲ್ಲಿ ಇದ್ದದ್ದು ಸಿಂಕ್ರೊನಸ್ ರೋಟರಿಗೆ ವಿದ್ಯುತ್ತು ಮುಟ್ಟಿಸುವ ಇದ್ದಿಲಿನ ಬ್ರಷ್ಷುಗಳ ಮಾದರಿ. ಟ್ಯೂಬುಗಳು ಪ್ರಾಣಾಪಾಯವೆಂದು ಅವರು ಬರೆದಿದ್ದ ಕಾಗದ ಸೂಪರಿಂಟೆಂಡೆಂಟರ ಕಡತದಲ್ಲಿ ಯಾರೂ ಓದದೆ ಬಿದ್ದಿತ್ತು. ಒಂದನೇ ನಂಬರು ಏಕೆ ಬೇಕೆಂಬುದೂ ಅಲ್ಲೇ ಇತ್ತು: ಇಂಡಕ್ಷನ್‌ಗಳು ಸ್ಥಾವರದ ಪವರ್ ಫ್ಯಾಕ್ಟರನ್ನು ತಗ್ಗಿಸಿ, ಕೆಲಸಕ್ಕೆ ಬಾರದ ವಿದ್ಯುತ್ತನ್ನೂ ತಂತಿಗಳ ಮೇಲೆ ಹೊರಿಸುತ್ತವೆ, ರೋಟರಿಗೆ ಕೊಂಚ ಹೆಚ್ಚು ನೇರ ವಿದ್ಯುತ್ತು ಕೊಟ್ಟ ಒಂದು ಸಿಂಕ್ರೊನಸ್ ಅದನ್ನು ಸರಿದೂಗಿಸುತ್ತದೆ. “ಮನೆ ತುಂಬ ಮಕ್ಕಳಿದ್ರೂ ಒಬ್ಬ ಅಳಿಯ ಬೇಕು ಸ್ವಾಮಿ,” ಎಂದು ಅವರು ಅಧಿಕಾರಿಗೆ ಹೇಳಿದರಂತೆ.

ಮರಳಿ ಬಂದ ದಿನ ಮೇಷ್ಟ್ರು ಏಣಿ ತರಿಸಿ, ತಾವೇ ಹತ್ತಿ ಟ್ಯೂಬುಗಳನ್ನು ಬಿಚ್ಚಿದರು. ಇಳಿದು ಬಂದು ದುಂಡಪ್ಪನ ಬೆರಳನ್ನು ಹಿಡಿದು, ಬ್ಯಾಂಡೇಜನ್ನು ಅತ್ತಿತ್ತ ತಿರುಗಿಸಿ ನೋಡಿದರು. “ನೋಯ್ತಿದೆಯಾ?” ಎಂದರು. ಅವನು ತಲೆಯಾಡಿಸಿದ. ಅವರು ಅವನ ಇನ್ನೊಂದು ಕೈಗೆ ಸೀಮೆಸುಣ್ಣದ ತುಂಡೊಂದನ್ನು ಇಟ್ಟು, “ಮೂರನೇದು ಎಷ್ಟು ಸುತ್ತು? ಎಣಿಸಿ ಹೇಳು,” ಎಂದರು. ಅವನು ಎಣಿಸಿ ಹೇಳಿದ. ದೂರು ಬರೆದವರು ಯಾರೆಂದು ಅವರು ಅಂದೂ ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ. ಎಷ್ಟು ಸುತ್ತು ಎಂಬುದನ್ನು ಮಾತ್ರ ಪ್ರತಿದಿನ ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬಾಳು ಅಲ್ಲಿಂದ ಶುರುವಾಯಿತು. ಅವನ ತಂದೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹನ್ನೆರಡು ದಿನ ಅವನ ಪಾಳಿಯನ್ನೂ ಮೇಷ್ಟ್ರೇ ಮಾಡಿದರು. ಇದು ಕರುಣೆಯೋ, ಗಾಳವೋ ಎಂದು ಅವನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಯೋಚಿಸಿದ. ಅವನ ಬಡ್ತಿಗೆ ಅವರು ಎರಡು ಪುಟ ಶಿಫಾರಸು ಬರೆದರು. ಅದನ್ನು ಅವನು ಬೆಳಕಿಗೆ ಹಿಡಿದು ಸಾಲುಗಳ ನಡುವೆ ಬೇರೇನಾದರೂ ಇದೆಯೇ ಎಂದು ನೋಡಿದ. ತಂಗಿಯ ಮದುವೆಗೆ ಬಂದವರು ಊಟ ಮಾಡಿ ಹೊರಡುವಾಗ, ಹೊಸ ಅಳಿಯನನ್ನು ತೋರಿಸಿ, ಸುತ್ತಲಿದ್ದವರಿಗೂ ಕೇಳುವಂತೆ ದುಂಡಪ್ಪನ ಕಿವಿಯಲ್ಲಿ “ಹುಷಾರು, ಸಿಂಕ್ರೊನಸ್ಸು,” ಎಂದಷ್ಟೇ ಅಂದರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಅವನೇ, ಎಲ್ಲರಿಗಿಂತ ಹೆಚ್ಚು ಬೆವತದ್ದೂ ಅವನೇ. ಅನುಮಾನದ ಮೇಷ್ಟ್ರು ಎಂಬ ಹೆಸರು ಅವರದ್ದಾದರೂ, ಅನುಮಾನದ ಕಸುಬು ಅಷ್ಟರಲ್ಲಿ ಪೂರ್ತಿ ಅವನ ಪಾಲಿಗೆ ಬಂದಿತ್ತು. ಅವರು ಯಂತ್ರಗಳನ್ನು ಮಾತ್ರ ಶಂಕಿಸುತ್ತಿದ್ದರು, ಎಣಿಸಿ ನೋಡಿದ ಮೇಲೆ ಅದನ್ನೂ ಬಿಡುತ್ತಿದ್ದರು.

ಹೀಗಿರುವಾಗ ಈ ಗ್ರಂಥದ ಯೋಜನೆ ಬಂತು. ಅಂಕಿಅಂಶ ತಪ್ಪಬಾರದೆಂದು ಸಂಪಾದಕರಾದ ಉಗ್ರಾಣಾಧಿಕಾರಿಗಳು ಎಲ್ಲ ಲೇಖನಗಳನ್ನೂ ಒಮ್ಮೆ ಮೇಷ್ಟ್ರಿಗೇ ತೋರಿಸಿದರು. ಲೇಖಕನ ಮೊದಲ ಬರಹದಲ್ಲಿ, ಹೊಗಳುವ ಭರದಲ್ಲಿ, “ಮೂರನೇ ನಂಬರಿನ ಇಂಡಕ್ಷನ್ ಮೋಟಾರು ೧೫೦೦ ಸುತ್ತು ತಪ್ಪದೆ ಓಡುವಂತೆ ಅವರ ಸೇವೆಯೂ ಸಾಗಿತು” ಎಂಬ ವಾಕ್ಯ ಸೇರಿಕೊಂಡಿತ್ತು. ಆ ಅಂಕಿಯನ್ನು ಪೆನ್ಸಿಲಿನಿಂದ ಹೊಡೆದು, ಅಂಚಿನಲ್ಲಿ ಹೀಗೆ ಬರೆದಿತ್ತು:

“ದುಂಡಪ್ಪ, ೧೪೮೫. ಮೂಗರ್ಜಿಯಲ್ಲೂ ೧೫೦೦ ಅಂತಲೇ ಬರೆದಿದ್ದೆ. ಉಳಿದದ್ದೆಲ್ಲ ಸರಿ ಇದೆ.”

ಸ್ಥಾವರದಲ್ಲಿ ಇಂಡಕ್ಷನ್ ಮೋಟಾರನ್ನು ಸಾವಿರದ ಐನೂರು ಓಡಿಸುವವನು ಒಬ್ಬನೇ. ಗೇಟು ದಾಟುವ ಮುಂಚೆಯೇ, ಕಾಗದ ನಾಲ್ಕಾಗಿ ಮಡಚುವಾಗಲೇ, ಅವರಿಗೆ ಗೊತ್ತಾಗಿತ್ತು. ಹನ್ನೆರಡು ದಿನದ ಪಾಳಿ, ಎರಡು ಪುಟದ ಶಿಫಾರಸು, ಮದುವೆ ಮನೆಯ ನಗೆ, ಎಲ್ಲವನ್ನೂ ಅವರು ತಿಳಿದೇ ಮಾಡಿದ್ದರು. ಲೇಖಕನಿಗೆ ನಾಚಿಕೆಯಾಯಿತು, ಅಳುವೂ ಬಂತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮೇಷ್ಟ್ರೇ, ಆ ಅರ್ಜಿ ಬರೆದವನು ತಪ್ಪೊಪ್ಪಿ, ಎಲ್ಲರೆದುರಿಗೆ, ತನ್ನ ಹೆಸರಿನ ಜಾಗದಲ್ಲಿ ನೀವಿಟ್ಟ ಹೆಸರನ್ನೇ ಹಾಕಿ ಕ್ಷಮೆ ಕೇಳುತ್ತಿದ್ದಾನೆ.

ಕಾಲ ತನ್ನ ಪಾಡಿಗೆ ಸಾವಿರದ ಐನೂರು ಸುತ್ತಲಿ. ಪೂಜ್ಯರು ಹದಿನೈದು ಸುತ್ತು ಹಿಂದೆ, ನಿಧಾನವಾಗಿ, ಹೊರೆ ಹೊರುವ ಬಲ ಕುಂದದೆ ನೂರು ವರ್ಷ ಸಾಗಲಿ. ಬೀರುವಿನ ಡಬ್ಬಿ ಈಗ ದುಂಡಪ್ಪನ ಬಳಿ ಇದೆ. ಈ ಲೇಖನ ಕಳುಹಿಸುವ ಮುನ್ನ ಅವನು ದೀಪ ಹಿಡಿದು ಮೂರನೇ ನಂಬರಿನ ಮುಂದೆ ಕುಳಿತು ಮೂರು ಸಲ ಎಣಿಸಿದ. ಮೂರು ಸಲವೂ ಬಂದದ್ದು ೧೪೮೬. ನಿಮ್ಮ ಲೆಕ್ಕಕ್ಕಿಂತ ಒಂದು ಸುತ್ತು ಹೆಚ್ಚು, ಮೇಷ್ಟ್ರೇ. ನಂಬಬೇಡಿ, ಬಂದು ನೋಡಿ.

— ದುಂಡಪ್ಪ